ಫಾರಿನ್ ಕೀ ಇರೋ ಟೇಬಲ್‌ನ ಆಲ್ಟರ್ ಮಾಡೋದು ಹೇಗೆ: ಐಡಿ ತುಂಬಿ ಹೋದ ಒಂದು ಡೈರಿ ಡೇಟಾಬೇಸ್ ಇಟ್ಕೊಂಡು ಹಂತ ಹಂತವಾಗಿ

ಬೆಳಿಗ್ಗೆ ಆರೂವರೆಗೆ ಫೋನು. ಒಂದು ಹಾಲಿನ ಡೈರಿ ಸೆಕ್ರೆಟ್ರಿ. "ಸಾರ್, ಹೊಸ ಮೆಂಬರ್ ಸೇರಿಸಕ್ಕಾಗ್ತಿಲ್ಲ, ಅದೇನೋ ಡೂಪ್ಲಿಕೇಟ್ ಅಂತ ಕೆಂಪಗೆ ಬರ್ತಿದೆ, ಇಲ್ಲಿ ಕ್ಯಾನ್ ಹಿಡ್ಕೊಂಡು ಜನ ನಿಂತವ್ರೆ." ಬಿಡುವಿನ ಟೈಮಲ್ಲಿ ನಾನೇ ಬರೆದುಕೊಟ್ಟಿದ್ದ ಸಾಫ್ಟ್‌ವೇರ್ ಅದು, ಶುರುವಾಗಿದ್ದು ಒಂದೇ ಡೈರಿಗೆ, ಆಮೇಲೆ ಸುತ್ತಮುತ್ತಲ ಡೈರಿಗಳೂ ಅದೇ ಸರ್ವರಿಗೆ ಸೇರ್ಕೊಂಡ್ವು. ಲಾಗ್ ತೆಗೆದು ನೋಡಿದ್ರೆ ಎರರ್ 1062, ಡೂಪ್ಲಿಕೇಟ್ ಎಂಟ್ರಿ '32767', ಪ್ರೈಮರಿ ಕೀ (ಪ್ರತಿ ಮೆಂಬರ್‌ಗೂ ಬೇರೆ ಬೇರೆ ಇರಲೇಬೇಕಾದ ನಂಬರ್) ಮೇಲೆ. ಈ 32767 ನೋಡಿದ ತಕ್ಷಣ ನಿದ್ದೆ ಹಾರಿಹೋಯ್ತು, ಯಾಕಂದ್ರೆ ಅದು ಸೈನ್ಡ್ ಸ್ಮಾಲ್‌ಇಂಟ್ (ಮೈನಸ್ ನಂಬರೂ ಹಿಡಿಯೋ ಸಣ್ಣ ಪೂರ್ಣಾಂಕ ಟೈಪ್) ಹಿಡಿಯೋ ಕೊನೇ ನಂಬರ್. ಒಂದು ಊರಿನ ಡೈರಿಗೆ 32 ಸಾವಿರ ಮೆಂಬರ್ ಎಲ್ಲಿ ಬರ್ತಾರೆ ಅಂತ ಅವತ್ತು ಸ್ಮಾಲ್‌ಇಂಟ್ ಹಾಕಿದ್ದು ನಾನೇ, ಬೈಯ್ಯೋಕೆ ಬೇರೆ ಯಾರೂ ಇಲ್ಲ.

ಟೈಪ್ ದೊಡ್ಡದು ಮಾಡಿದ್ರೆ ಮುಗೀತು, ಒಂದು ಲೈನಿನ ಕೆಲಸ ಅಂತ ಆಲ್ಟರ್ ಟೇಬಲ್ (ಟೇಬಲ್‌ನ ರಚನೆ ಬದಲಾಯಿಸೋ ಕಮ್ಯಾಂಡ್) ಹೊಡೆದೆ, ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್ ಒಪ್ಪಲಿಲ್ಲ. 5.7 ವರ್ಷನ್ ಆದ್ರೆ 1833 ಅಂತ ಎರರ್ ಕೊಡತ್ತೆ, 8.0ರಲ್ಲಿ ಸಾಮಾನ್ಯವಾಗಿ 3780 ಬರತ್ತೆ, ಎರಡರ ಅರ್ಥನೂ ಒಂದೇ: ಈ ಕಾಲಂನ ಬೇರೆ ಟೇಬಲ್‌ಗಳು ಫಾರಿನ್ ಕೀ (ಒಂದು ಟೇಬಲ್‌ನ ಇನ್ನೊಂದಕ್ಕೆ ಕಟ್ಟೋ ಕೊಂಡಿ) ಹಾಕಿ ಹಿಡ್ಕೊಂಡಿವೆ, ನೀನು ಒಂದೇ ಕಡೆ ಬದಲಾಯಿಸಿದ್ರೆ ಎರಡೂ ಕಡೆ ಟೈಪ್ ತಾಳೆ ಆಗಲ್ಲ.

ಈ ಗೈಡ್ ಆ ದಿನದ ಕೆಲಸದ ಮೇಲೇ ಬರೀತಿದೀನಿ. ಮುಖ್ಯವಾಗಿ ಮೈಎಸ್‌ಕ್ಯೂಎಲ್, ಅದರೊಳಗೆ ಡೇಟಾ ಇಡೋ ಇನ್ನೋಡಿಬಿ ಎಂಜಿನ್, ಕೊನೆಗೆ ಪೋಸ್ಟ್‌ಗ್ರೆಸ್ ಮತ್ತೆ ಬೇರೆಯವುಗಳ ಬಗ್ಗೆ ಸ್ವಲ್ಪ. ಕಮ್ಯಾಂಡ್‌ಗಳನ್ನ ಕನ್ನಡ ಅಕ್ಷರದಲ್ಲೇ ಹಾಕಿದೀನಿ, ಟೈಪ್ ಮಾಡುವಾಗ ಇಂಗ್ಲಿಷಲ್ಲೇ ಮಾಡಿ, ಇಲ್ಲಿಂದ ಕಾಪಿ ಪೇಸ್ಟ್ ಮಾಡಿ ಓಡ್ತಿಲ್ಲ ಅಂತ ನನ್ನನ್ನ ಕೇಳ್ಬೇಡಿ.

ಟೇಬಲ್‌ಗಳು ಹೀಗಿವೆ

ಪೇರೆಂಟ್ ಟೇಬಲ್ "ಸದಸ್ಯ". ಅದರ "ಐಡಿ" ಕಾಲಂ ಪ್ರೈಮರಿ ಕೀ, ಸ್ಮಾಲ್‌ಇಂಟ್, ಆಟೋ ಇಂಕ್ರಿಮೆಂಟ್ (ಮುಂದಿನ ನಂಬರ್ ತಾನೇ ಕೊಡೋದು). ಅದನ್ನ ನಂಬ್ಕೊಂಡಿರೋ ಚೈಲ್ಡ್ ಟೇಬಲ್‌ಗಳು "ಹಾಲು_ಎಂಟ್ರಿ" (ಬೆಳಿಗ್ಗೆ ಸಂಜೆ ಎರಡು ಪಾಳಿ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಅಂದ್ರೆ ಕೊಬ್ಬು ಬಿಟ್ಟು ಉಳಿದ ಘನಾಂಶ), "ಬಟವಾಡೆ", "ಫೀಡ್_ಸಾಲ" ಮತ್ತೆ "ನಾಮಿನಿ". ಹಾಲು_ಎಂಟ್ರಿಯಲ್ಲಿ ಮೂರು ಕೋಟಿ ಚಿಲ್ಲರೆ ರೋ (ಸಾಲು) ಇದ್ವು, ಉಳಿದವು ಸಣ್ಣವು.

ಫಾರಿನ್ ಕೀ ಅಂದ್ರೆ ಇಷ್ಟೇ, ಚೈಲ್ಡ್‌ನಲ್ಲಿ ಬರೆದಿರೋ ಸದಸ್ಯ ನಂಬರ್ ಪೇರೆಂಟ್‌ನಲ್ಲಿ ಇರಲೇಬೇಕು ಅಂತ ಡೇಟಾಬೇಸೇ ಕಾಯೋದು. ಇಲ್ಲದ ಮೆಂಬರ್ ಹೆಸರಲ್ಲಿ ಹಾಲು ಬರೆಯೋಕೆ ಹೋದ್ರೆ 1452, ಹಾಲು ಹಾಕಿರೋ ಮೆಂಬರ್‌ನ ಅಳಿಸೋಕೆ ಹೋದ್ರೆ 1451. ಈ ಎರಡು ನಂಬರ್ ನೆನಪಿಟ್ಕೊಳ್ಳಿ, ದಿನಾ ಕಾಣ್ಸೋದು ಇವೇ.

ಹಂತ 1: ಯಾರ್ಯಾರು ಹಿಡ್ಕೊಂಡಿದಾರೆ ಅಂತ ಪಟ್ಟಿ ಮಾಡಿ

ನಿಮ್ಮ ತಲೇಲಿರೋ ಪಟ್ಟಿ ನಂಬಬೇಡಿ, ಕೋಡ್‌ನಲ್ಲಿರೋ ಮಾಡೆಲ್ ಫೈಲ್‌ನೂ ನಂಬಬೇಡಿ, ಡೇಟಾಬೇಸನ್ನೇ ಕೇಳಿ:

ಸೆಲೆಕ್ಟ್ ಟೇಬಲ್_ನೇಮ್, ಕಾಲಂ_ನೇಮ್, ಕನ್‌ಸ್ಟ್ರೇಂಟ್_ನೇಮ್
ಫ್ರಮ್ ಇನ್ಫರ್ಮೇಷನ್_ಸ್ಕೀಮಾ.ಕೀ_ಕಾಲಂ_ಯೂಸೇಜ್
ವೇರ್ ರೆಫರೆನ್ಸ್ಡ್_ಟೇಬಲ್_ಸ್ಕೀಮಾ = 'ಡೈರಿ'
ಆಂಡ್ ರೆಫರೆನ್ಸ್ಡ್_ಟೇಬಲ್_ನೇಮ್ = 'ಸದಸ್ಯ';

ನನ್ನ ಲೆಕ್ಕದಲ್ಲಿ ನಾಲ್ಕು ಬರ್ಬೇಕಿತ್ತು, ಐದು ಬಂತು. ಐದನೇದು ಸದಸ್ಯ ಟೇಬಲ್ಲೇ! "ಪರಿಚಯಿಸಿದ_ಐಡಿ" ಅಂತ ಒಂದು ಕಾಲಂ, ಯಾವ ಮೆಂಬರ್ ಈ ಹೊಸ ಮೆಂಬರ್‌ನ ಕರ್ಕೊಂಡು ಬಂದ ಅನ್ನೋದಕ್ಕೆ, ಅದು ತನ್ನ ಟೇಬಲ್‌ಗೇ ಫಾರಿನ್ ಕೀ. ಈ ತರ ತನ್ನನ್ನೇ ತೋರ್ಸೋ ಕೀ ಎಲ್ಲರೂ ಮರೀತಾರೆ, ಆಫೀಸ್ ಟೇಬಲ್‌ಗಳಲ್ಲಿ ಮ್ಯಾನೇಜರ್ ಐಡಿ, ಅಂಗಡಿ ಸಾಫ್ಟ್‌ವೇರ್‌ನಲ್ಲಿ ಕೆಟಗರಿ ಒಳಗಿನ ಕೆಟಗರಿ, ಎಲ್ಲ ಇದೇ ಜಾತಿ.

ಕೀ ಹೆಸರನ್ನ ಅಕ್ಷರ ಬಿಡದೆ ಬರ್ಕೊಳ್ಳಿ. ಹೆಸರು ಕೊಡದೆ ಫಾರಿನ್ ಕೀ ಹಾಕಿದ್ರೆ ಇನ್ನೋಡಿಬಿ ತಾನೇ "ಬಟವಾಡೆ_ಐಬಿಎಫ್‌ಕೆ_1" ಅನ್ನೋ ತರ ಇಡತ್ತೆ, ಮತ್ತೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 1 ಆಗಿರೋದು ಸರ್ವರ್‌ನಲ್ಲಿ 2 ಆಗಿರ್ಬಹುದು. ಲೋಕಲ್‌ನಲ್ಲಿ ಸರಿಯಾಗಿ ಓಡಿದ ಸ್ಕ್ರಿಪ್ಟ್ ಪ್ರೊಡಕ್ಷನ್‌ನಲ್ಲಿ ಮೊದಲ ಲೈನಲ್ಲೇ ಬಿದ್ರೆ ಬಹಳ ಸಲ ಕಾರಣ ಇದೇ ಆಗಿರತ್ತೆ.

ಆಮೇಲೆ ಅದೇ ಇನ್ಫರ್ಮೇಷನ್_ಸ್ಕೀಮಾದಲ್ಲಿ ರೆಫರೆನ್ಷಿಯಲ್_ಕನ್‌ಸ್ಟ್ರೇಂಟ್ಸ್ ಅಂತ ಇನ್ನೊಂದಿದೆ, ಅಲ್ಲಿ ಅಪ್‌ಡೇಟ್_ರೂಲ್, ಡಿಲೀಟ್_ರೂಲ್ ಎರಡು ಕಾಲಂ ನೋಡಿ. ನನ್ನ ಹತ್ರ ನಾಮಿನಿ ಮಾತ್ರ ಕ್ಯಾಸ್ಕೇಡ್ (ಮೆಂಬರ್ ಅಳಿಸಿದ್ರೆ ಇದೂ ಅಳಿಯತ್ತೆ) ಇತ್ತು, ಪರಿಚಯಿಸಿದ_ಐಡಿ ಸೆಟ್ ನಲ್ (ನಲ್ ಅಂದ್ರೆ ಖಾಲಿ ಆಗತ್ತೆ), ಬೇರೆಲ್ಲ ರಿಸ್ಟ್ರಿಕ್ಟ್ (ಅಳಿಸೋಕೆ ಬಿಡಲ್ಲ). ಇದನ್ನ ಬರ್ಕೊಳ್ಳದೆ ಕೀ ತೆಗೆದು ವಾಪಸ್ ಹಾಕುವಾಗ ಆನ್ ಡಿಲೀಟ್ ಭಾಗ ಬಿಟ್ಟುಬಿಟ್ರೆ ಯಾವ ಎರರೂ ಬರಲ್ಲ, ಎಲ್ಲ ಸುಸೂತ್ರ ಅನ್ಸತ್ತೆ, ಮೂರು ತಿಂಗಳು ಬಿಟ್ಟು ಯಾರೋ ಒಂದು ಮೆಂಬರ್ ಡಿಲೀಟ್ ಮಾಡೋಕೆ ಹೋದಾಗ 1451 ಬಂದು ಇದೇನಿದು ಮುಂಚೆ ಆಗ್ತಿತ್ತಲ್ಲ ಅಂತ ತಲೆ ಕೆರ್ಕೋಬೇಕು.

ಕೊನೆಗೆ ಐದೂ ಟೇಬಲ್‌ಗೆ ಶೋ ಕ್ರಿಯೇಟ್ ಟೇಬಲ್ ಓಡ್ಸಿ, ಬಂದಿದ್ದನ್ನ ಒಂದು ಫೈಲ್‌ಗೆ ಹಾಕಿಟ್ಕೊಳ್ಳಿ. ಏನಾದ್ರೂ ಎಡವಟ್ಟಾದ್ರೆ ಮೊದಲಿನ ರೂಪ ಏನಿತ್ತು ಅಂತ ಹೇಳೋ ಸಾಕ್ಷಿ ಅದು.

ಹಂತ 2: ಅನಾಥ ಸಾಲುಗಳನ್ನ (ಪೇರೆಂಟ್ ಇಲ್ಲದ ರೋ) ಹುಡುಕಿ

ಇದು ಜನ ಹಾರಿಸೋ ಹಂತ, ಮತ್ತೆ ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೇ. ಫಾರಿನ್ ಕೀ ಈಗಾಗಲೇ ಇದೆಯಲ್ಲ, ಅಪ್ಪ ಇಲ್ಲದ ರೋ ಎಲ್ಲಿಂದ ಬರತ್ತೆ ಅಂತ ಕೇಳ್ಬಹುದು. ಬರತ್ತೆ. ಕೀ ಚೆಕ್ ಮಾಡೋದು ರೋ ಒಳಗೆ ಬರುವಾಗ, ಬದಲಾಗುವಾಗ, ಅಳಿಸುವಾಗ ಮಾತ್ರ, ಆ ಹೊತ್ತಲ್ಲಿ ಯಾರಾದ್ರೂ ಚೆಕ್ ಆಫ್ ಮಾಡಿದ್ರೆ ಏನು ಬೇಕಾದ್ರೂ ಒಳಗೆ ಬರ್ಬಹುದು.

ಸೆಲೆಕ್ಟ್ ಎಚ್.ಐಡಿ, ಎಚ್.ಸದಸ್ಯ_ಐಡಿ, ಎಚ್.ದಿನಾಂಕ
ಫ್ರಮ್ ಹಾಲು_ಎಂಟ್ರಿ ಎಚ್
ಲೆಫ್ಟ್ ಜಾಯಿನ್ ಸದಸ್ಯ ಎಸ್ ಆನ್ ಎಸ್.ಐಡಿ = ಎಚ್.ಸದಸ್ಯ_ಐಡಿ
ವೇರ್ ಎಚ್.ಸದಸ್ಯ_ಐಡಿ ಈಸ್ ನಾಟ್ ನಲ್ ಆಂಡ್ ಎಸ್.ಐಡಿ ಈಸ್ ನಲ್;

412 ರೋ ಬಂತು. ಎಲ್ಲದರಲ್ಲೂ ಸದಸ್ಯ_ಐಡಿ 0. ತಾರೀಖು ನೋಡಿದ್ರೆ ಎಲ್ಲ ಒಂದೇ ಡೈರಿಯ ಹಳೇ ಎಕ್ಸೆಲ್ ಡೇಟಾ, ಅದನ್ನ ಇಂಪೋರ್ಟ್ ಮಾಡುವಾಗ ಎರರ್ ಬರ್ತಿದೆ ಅಂತ ಚೆಕ್ ಆಫ್ ಮಾಡಿ ತುರುಕಿದ್ದು ನಾನೇ. ಸೆಕ್ರೆಟ್ರಿಗೆ ಫೋನ್ ಮಾಡಿ ಕೇಳ್ದೆ, "ಅದು ಮೆಂಬರ್ ಅಲ್ದೋರು ಹಾಕಿದ ಹಾಲು ಸಾರ್, ಮದುವೆ ಸೀಸನ್ನಲ್ಲಿ ಹಾಲು ಸಾಲ್ದೇ ಹೋದಾಗ ತಗೊಳ್ತಿದ್ವಿ" ಅಂದ್ರು.

ಇಲ್ಲೊಂದು ಮಾತು. ಅನಾಥ ರೋ ಕಂಡ ತಕ್ಷಣ ಡಿಲೀಟ್ ಹೊಡೀಬೇಡಿ. ಪ್ರೋಗ್ರಾಮರ್ ಕಣ್ಣಿಗೆ ಅದು ಕಸ, ಡೈರಿ ಲೆಕ್ಕದಲ್ಲಿ ಅದು 412 ಸಲ ಯಾರೋ ಹಾಕಿದ ಹಾಲು, ದುಡ್ಡು ಕೊಟ್ಟಾಗಿದೆ, ಆಡಿಟ್‌ನಲ್ಲಿ ಅದು ಬೇಕು. ಏನು ಮಾಡ್ಬೇಕು ಅಂತ ಡೇಟಾ ಯಾರದ್ದೋ ಅವ್ರು ಹೇಳ್ಬೇಕು. ದಾರಿ ಮೂರು: ಕಾಲಂ ನಲ್ ಒಪ್ಪತ್ತೆ ಅಂದ್ರೆ ನಲ್ ಮಾಡೋದು (ಫಾರಿನ್ ಕೀ ಕಾಲಂ ನಲ್ ಇದ್ರೆ ಚೆಕ್ ಆಗಲ್ಲ), "ಇತರೆ" ಅಂತ ಒಬ್ಬ ಮೆಂಬರ್ ಹುಟ್ಟಿಸಿ ಅವನ ಹೆಸರಿಗೆ ಹಾಕೋದು, ಇಲ್ಲ ಆ ಸಾಲುಗಳನ್ನ ಬೇರೆ ಟೇಬಲ್‌ಗೆ ಎತ್ತಿಟ್ಟು ಆಮೇಲೆ ಅಳಿಸೋದು. ನಾವು ಎರಡನೇದು ಮಾಡಿದ್ವಿ.

ಆದ್ರೆ ತಮಾಷೆ ನೋಡಿ, ಐಡಿ ತುಂಬಿ ಹೋಗಿರೋದಕ್ಕೇ ಇಷ್ಟೆಲ್ಲ ಕಷ್ಟ, ಇನ್ನು "ಇತರೆ" ಮೆಂಬರ್‌ಗೆ ಐಡಿ ಎಲ್ಲಿಂದ ತರೋದು? ಆಟೋ ಇಂಕ್ರಿಮೆಂಟ್‌ನಲ್ಲಿ ಇನ್ಸರ್ಟ್ ಫೇಲ್ ಆದಾಗೆಲ್ಲ ಒಂದೊಂದು ನಂಬರ್ ಪೋಲಾಗಿರತ್ತೆ, ಹಾಗೆ ಮಧ್ಯೆ ಬಿಟ್ಟುಹೋದ ಒಂದು ನಂಬರ್ ಹುಡುಕಿ, ಹಳೇ ರಸೀದಿಗಳಲ್ಲಿ ಆ ನಂಬರ್ ಯಾರಿಗೂ ಕೊಟ್ಟಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಐಡಿ ಕೈಯಾರೆ ಕೊಟ್ಟು ಇನ್ಸರ್ಟ್ ಮಾಡ್ದೆ. ಐಡಿ 0 ಕೊಟ್ಟು ಮೆಂಬರ್ ಹುಟ್ಸೋ ಐಡಿಯಾ ಬೇಡ, ಮೈಎಸ್‌ಕ್ಯೂಎಲ್‌ನಲ್ಲಿ ಆಟೋ ಇಂಕ್ರಿಮೆಂಟ್ ಕಾಲಂಗೆ 0 ಕೊಟ್ರೆ ಸಾಮಾನ್ಯವಾಗಿ ಅದು ಮುಂದಿನ ನಂಬರ್ ಕೊಡು ಅಂತ ಅರ್ಥ ಮಾಡ್ಕೊಳತ್ತೆ.

ಈ ಕ್ವೆರಿನ ಐದೂ ಕೀಗಳಿಗೂ ಓಡ್ಸಿ, ಎಲ್ಲ ಸೊನ್ನೆ ರೋ ಬರೋವರೆಗೂ ಮುಂದಕ್ಕೆ ಹೋಗ್ಬೇಡಿ. ಅನಾಥ ರೋ ಇದ್ರೆ ಕೊನೇ ಹಂತದಲ್ಲಿ ಕೀ ವಾಪಸ್ ಹಾಕುವಾಗ 1452 ಬರತ್ತೆ, ಆಗ ಕೀ ತೆಗೆದಾಗಿದೆ, ಅಪ್ಲಿಕೇಷನ್ ನಿಂತಿದೆ, ಜನ ಫೋನ್ ಮಾಡ್ತಿದಾರೆ, ಆ ಹೊತ್ತಲ್ಲಿ ತೀರ್ಮಾನ ಮಾಡೋ ವಿಷಯ ಅಲ್ಲ ಇದು.

ಹಂತ 3: ಹೊಸ ಟೈಪ್ ಯಾವುದು ಅಂತ ಒಂದೇ ಸಲ ತೀರ್ಮಾನ ಮಾಡಿ

ಫಾರಿನ್ ಕೀ ಎರಡೂ ಕಡೆ ಪೂರ್ಣಾಂಕ ಆದ್ರೆ ಸೈಜೂ ಒಂದೇ ಇರ್ಬೇಕು, ಸೈನ್ಡ್ ಅನ್‌ಸೈನ್ಡ್ ಅನ್ನೋದೂ (ಮೈನಸ್ ನಂಬರ್ ಒಪ್ಪತ್ತಾ ಇಲ್ವಾ) ಒಂದೇ ಇರ್ಬೇಕು. ಪೇರೆಂಟ್ ಇಂಟ್ ಅನ್‌ಸೈನ್ಡ್, ಚೈಲ್ಡ್ ಬರೀ ಇಂಟ್ ಅಂದ್ರೆ ಆಗಲ್ಲ. ವಾರ್‌ಚಾರ್ (ಅಕ್ಷರಗಳ ಟೈಪ್) ಆದ್ರೆ ಉದ್ದ ಬೇರೆ ಇದ್ರೂ ನಡೆಯತ್ತೆ ಆದ್ರೆ ಕ್ಯಾರೆಕ್ಟರ್ ಸೆಟ್ ಮತ್ತೆ ಕೊಲೇಷನ್ (ಅಕ್ಷರ ಹೋಲಿಸೋ ನಿಯಮ) ಒಂದೇ ಬೇಕು. ಇದು 5.7ರಿಂದ 8.0ಗೆ ಬಂದವರಿಗೆ ಸರಿಯಾಗಿ ಕೈಕೊಡತ್ತೆ, ಹಳೇ ಟೇಬಲ್‌ಗಳು ಲ್ಯಾಟಿನ್1 ಅಥವಾ ಯುಟಿಎಫ್8ಎಂಬಿ4 ಜನರಲ್ ಕೊಲೇಷನ್‌ನಲ್ಲಿರತ್ವೆ, 8.0ರಲ್ಲಿ ಹೊಸದಾಗಿ ಮಾಡಿದ ಟೇಬಲ್ ಯುಟಿಎಫ್8ಎಂಬಿ4 0900 ಕೊಲೇಷನ್ ತಗೊಳತ್ತೆ, ನೋಡೋಕೆ ಎರಡೂ ವಾರ್‌ಚಾರ್ 20, ಆದ್ರೂ ಕೀ ಕೂತ್ಕೊಳಲ್ಲ.

ಲಾರಾವೆಲ್ (ಪಿಎಚ್‌ಪಿ ಫ್ರೇಮ್‌ವರ್ಕ್) ಬಳಸೋರಿಗೂ ಇದೇ ಕಾಟ ಬೇರೆ ವೇಷದಲ್ಲಿ ಬರತ್ತೆ. 5.8ರಿಂದ ಹೊಸ ಮೈಗ್ರೇಷನ್‌ಗಳಲ್ಲಿ (ಟೇಬಲ್ ಮಾಡೋ ಸ್ಕ್ರಿಪ್ಟ್) ಐಡಿ ಬಿಗ್‌ಇಂಟ್ ಅನ್‌ಸೈನ್ಡ್ ಆಗಿ ಹುಟ್ಟತ್ತೆ, ಅದಕ್ಕಿಂತ ಹಳೇ ಟೇಬಲ್‌ನಲ್ಲಿ ಇಂಟ್ ಅನ್‌ಸೈನ್ಡ್, ಹೊಸ ಟೇಬಲ್‌ನಿಂದ ಹಳೇದಕ್ಕೆ ಕೀ ಹಾಕೋಕೆ ಹೋದ್ರೆ "ಸರಿಯಾಗಿ ರೂಪಿಸಿಲ್ಲ" ಅನ್ನೋ ಎರರ್‌ನೋ 150 ಅಥವಾ 3780. ಪೈಥಾನ್‌ನ ಜಾಂಗೋದಲ್ಲೂ 3.2ರಲ್ಲಿ ಹೊಸ ಪ್ರಾಜೆಕ್ಟ್‌ಗಳಿಗೆ ಬಿಗ್‌ಆಟೋಫೀಲ್ಡ್ ಡಿಫಾಲ್ಟ್ ಆದಾಗಿಂದ ಹಳೇ ಹೊಸ ಆ್ಯಪ್ ಮಧ್ಯೆ ಇಂಥದ್ದೇ.

ನಮ್ಮ ಕೇಸ್‌ಗೆ ಇಂಟ್ ಅನ್‌ಸೈನ್ಡ್ ಸಾಕು ಅಂತ ತೀರ್ಮಾನ ಮಾಡ್ದೆ. ಅದು 429 ಕೋಟಿವರೆಗೂ ಹೋಗತ್ತೆ, 2011ರ ಗಣತಿ ಪ್ರಕಾರ ಇಡೀ ಕರ್ನಾಟಕದ ಜನಸಂಖ್ಯೆನೇ 6.11 ಕೋಟಿ, ಎಲ್ಲರೂ ಹಸು ಕಟ್ಟಿದ್ರೂ ತುಂಬಲ್ಲ. ಎಲ್ಲದಕ್ಕೂ ಬಿಗ್‌ಇಂಟ್ ಹಾಕ್ಬಿಡಿ ಅನ್ನೋರು ಇದಾರೆ, ತಪ್ಪಲ್ಲ, ಆದ್ರೆ ಮೂರು ಕೋಟಿ ರೋನಲ್ಲಿ ಪ್ರತಿ ಸಾಲಿಗೂ 4 ಬೈಟ್ ಜಾಸ್ತಿ, ಇಂಡೆಕ್ಸ್‌ನಲ್ಲಿ (ಬೇಗ ಹುಡುಕೋಕೆ ಇಡೋ ಸೂಚಿ) ಮತ್ತೆ 4 ಬೈಟ್, ಬೇಡ ಅನ್ಸ್ತು. ಸೈನ್ಡ್‌ನಿಂದ ಅನ್‌ಸೈನ್ಡ್‌ಗೆ ಹೋಗೋದಾದ್ರೆ ಮೈನಸ್ ನಂಬರ್ ಎಲ್ಲೂ ಇಲ್ಲ ಅಂತ ಮಿನ್ (ಅತಿ ಚಿಕ್ಕ ನಂಬರ್ ಕೊಡೋ ಫಂಕ್ಷನ್) ಹಾಕಿ ನೋಡ್ಕೊಳ್ಳಿ.

ಹಂತ 4: ಟೈಮ್, ಬ್ಯಾಕಪ್, ಲಾಕ್

ಮೈಎಸ್‌ಕ್ಯೂಎಲ್‌ನಲ್ಲಿ ಕಾಲಂ ಟೈಪ್ ಬದಲಾಯಿಸೋದು ಅಂದ್ರೆ ಇಡೀ ಟೇಬಲ್‌ನ ಹೊಸದಾಗಿ ಕಾಪಿ ಮಾಡೋದು. ಅಷ್ಟು ಹೊತ್ತೂ ಓದೋಕಾಗತ್ತೆ, ಬರೆಯೋಕಾಗಲ್ಲ. ಡಿಸ್ಕ್‌ನಲ್ಲಿ ಆ ಟೇಬಲ್‌ನಷ್ಟೇ ಜಾಗ ಇನ್ನೊಂದು ಸಲ ಖಾಲಿ ಇರ್ಬೇಕು. ಎಷ್ಟು ಹೊತ್ತು ಹಿಡಿಯತ್ತೆ ಅಂತ ಊಹೆ ಮಾಡ್ಬೇಡಿ, ಬ್ಯಾಕಪ್‌ನ ಬೇರೆ ಮೆಷಿನ್‌ನಲ್ಲಿ ರಿಸ್ಟೋರ್ ಮಾಡಿ ಅಲ್ಲಿ ಇಡೀ ಸ್ಕ್ರಿಪ್ಟ್ ಓಡ್ಸಿ ಗಡಿಯಾರ ನೋಡಿ. ನನಗೆ ಹಾಲು_ಎಂಟ್ರಿ ಒಂದಕ್ಕೇ 22 ನಿಮಿಷ ಆಯ್ತು. ಇದರಿಂದ ಬ್ಯಾಕಪ್ ನಿಜವಾಗ್ಲೂ ರಿಸ್ಟೋರ್ ಆಗತ್ತಾ ಅನ್ನೋದೂ ಗೊತ್ತಾಗತ್ತೆ.

ಇಂಥ ಕೆಲಸ ರಾತ್ರಿ ಎರಡು ಗಂಟೆಗೆ ಮಾಡ್ಬೇಕು ಅಂತ ಒಂದು ನಂಬಿಕೆ ಇದೆ. ಡೈರಿಯಲ್ಲಿ ಬೆಳಿಗ್ಗೆ ಪಾಳಿ ಒಂಬತ್ತಕ್ಕೆಲ್ಲ ಮುಗಿದಿರತ್ತೆ, ಸಂಜೆ ಪಾಳಿ ನಾಲ್ಕೂವರೆ ಮೇಲೆ, ಮಧ್ಯಾಹ್ನ ಹನ್ನೊಂದರಿಂದ ಮೂರು ಗಂಟೆ ಪೂರ್ತಿ ಖಾಲಿ. ಕಣ್ಣು ಬಿಟ್ಕೊಂಡು ಊಟದ ಹೊತ್ತಲ್ಲಿ ಮಾಡೋ ಕೆಲಸನ ನಿದ್ದೆಗಣ್ಣಲ್ಲಿ ಯಾಕೆ ಮಾಡ್ಬೇಕು? ನಿಮ್ಮ ಸಿಸ್ಟಮ್ ಯಾವಾಗ ಖಾಲಿ ಇರತ್ತೆ ಅಂತ ಅದನ್ನ ಬಳಸೋರನ್ನ ಕೇಳಿ.

ಇನ್ನೊಂದು ಮುಖ್ಯ ವಿಷಯ, ಮೈಎಸ್‌ಕ್ಯೂಎಲ್‌ನಲ್ಲಿ ಆಲ್ಟರ್ ಟೇಬಲ್‌ಗೆ ರೋಲ್‌ಬ್ಯಾಕ್ (ಮಾಡಿದ್ದನ್ನ ಹಿಂದಕ್ಕೆ ತಗೊಳೋದು) ಇಲ್ಲ. ಮುಂಚೆ ಸ್ಟಾರ್ಟ್ ಟ್ರಾನ್ಸಾಕ್ಷನ್ ಹಾಕಿದ್ರೂ ಆಲ್ಟರ್ ಬಂದ ತಕ್ಷಣ ತಾನಾಗೇ ಕಮಿಟ್ ಆಗತ್ತೆ, ಅಂದ್ರೆ ಖಾಯಂ ಆಗತ್ತೆ. ಅದಕ್ಕೇ ಪ್ರತಿ ಹೆಜ್ಜೆಗೂ ವಾಪಸ್ ಬರೋ ಸ್ಕ್ರಿಪ್ಟ್ ಮುಂಚೆನೇ ಬರೆದಿಟ್ಕೊಳ್ಳಿ. ಬ್ಯಾಕಪ್‌ಗೆ ಮೈಎಸ್‌ಕ್ಯೂಎಲ್‌ಡಂಪ್ ಅನ್ನು ಸಿಂಗಲ್ ಟ್ರಾನ್ಸಾಕ್ಷನ್ ಆಪ್ಷನ್ ಕೊಟ್ಟು ಓಡ್ಸಿದ್ರೆ ಸಾಕು, ಆದ್ರೆ ಡಂಪ್ ಮುಗಿಯೋಕೆ ಮುಂಚೆ ಆಲ್ಟರ್ ಶುರು ಮಾಡ್ಬೇಡಿ, ಆ ಬ್ಯಾಕಪ್ ಕೆಟ್ಟುಹೋಗತ್ತೆ.

ಲಾಕ್ ಕಥೆ ಹೀಗೆ. ಆಲ್ಟರ್ ಶುರುವಾಗ್ಬೇಕಾದ್ರೆ ಆ ಟೇಬಲ್ ಮೇಲೆ ಮೆಟಾಡೇಟಾ ಲಾಕ್ (ಟೇಬಲ್‌ನ ರಚನೆಗೆ ಹಾಕೋ ಬೀಗ) ಸಿಗ್ಬೇಕು, ಫಾರಿನ್ ಕೀ ಇದ್ರೆ ಆ ಕಡೆ ಟೇಬಲ್ ಮೇಲೂ ಲಾಕ್ ಬೇಕಾಗತ್ತೆ. ಯಾರೋ ವರ್ಕ್‌ಬೆಂಚ್‌ನಲ್ಲಿ (ಕ್ವೆರಿ ಓಡ್ಸೋ ಆ್ಯಪ್) ಆಟೋಕಮಿಟ್ ಆಫ್ ಇಟ್ಟು ಒಂದು ಸೆಲೆಕ್ಟ್ ಹೊಡೆದು ಟೀ ಕುಡಿಯೋಕೆ ಹೋಗಿದಾರೆ ಅನ್ಕೊಳ್ಳಿ, ನಿಮ್ಮ ಆಲ್ಟರ್ ಅವರಿಗಾಗಿ ಕಾಯತ್ತೆ, ನಿಮ್ಮ ಆಲ್ಟರ್ ಹಿಂದೆ ಬರೋ ಎಲ್ಲ ಕ್ವೆರಿಗಳೂ ನಿಮಗಾಗಿ ಕಾಯತ್ವೆ, ಹೀಗೆ ಪೂರ್ತಿ ಅಪ್ಲಿಕೇಷನ್ ನಿಂತುಬಿಡತ್ತೆ. ಎಷ್ಟು ಹೊತ್ತು ಕಾಯತ್ತೆ ಅಂದ್ರೆ ಲಾಕ್_ವೇಟ್_ಟೈಮ್‌ಔಟ್ ಡಿಫಾಲ್ಟ್ 31536000 ಸೆಕೆಂಡ್, ಲೆಕ್ಕ ಹಾಕಿ, ಸರಿಯಾಗಿ ಒಂದು ವರ್ಷ! ಅದಕ್ಕೆ ಶುರುವಿನಲ್ಲೇ:

ಸೆಟ್ ಸೆಷನ್ ಲಾಕ್_ವೇಟ್_ಟೈಮ್‌ಔಟ್ = 10;

ಹತ್ತು ಸೆಕೆಂಡ್‌ನಲ್ಲಿ ಲಾಕ್ ಸಿಗಲಿಲ್ಲ ಅಂದ್ರೆ ಆಲ್ಟರ್ ಬಿಟ್ಟುಕೊಡತ್ತೆ, ಶೋ ಪ್ರೊಸೆಸ್‌ಲಿಸ್ಟ್ ನೋಡಿ ಯಾರು ಹಿಡ್ಕೊಂಡಿದಾರೆ ಅಂತ ಹುಡುಕಿ ಬಿಡಿಸಿ ಮತ್ತೆ ಓಡ್ಸಿ.

ಹಂತ 5: ಆಪರೇಷನ್

ಕ್ರಮ ಇದು: ಎಲ್ಲ ಕೀ ತೆಗಿ, ಪೇರೆಂಟ್ ಬದಲಾಯಿಸು, ಚೈಲ್ಡ್ ಬದಲಾಯಿಸು, ಕೀ ವಾಪಸ್ ಹಾಕು. ಮೊದಲು ಅಪ್ಲಿಕೇಷನ್ ನಿಲ್ಸಿ, ಯಾಕಂದ್ರೆ ಕೀ ಇಲ್ಲದ ಈ ಸಂದಿಯಲ್ಲಿ ಬರೋ ಒಂದು ತಪ್ಪು ಎಂಟ್ರಿನ ತಡೆಯೋರು ಯಾರೂ ಇರಲ್ಲ.

ಆಲ್ಟರ್ ಟೇಬಲ್ ಹಾಲು_ಎಂಟ್ರಿ ಡ್ರಾಪ್ ಫಾರಿನ್ ಕೀ ಹಾಲು_ಎಂಟ್ರಿ_ಐಬಿಎಫ್‌ಕೆ_1;

ಇದೇ ತರ ಉಳಿದ ನಾಲ್ಕಕ್ಕೂ. ಕೀ ತೆಗೆಯೋದು ಬೇಗ ಆಗತ್ತೆ, ಟೇಬಲ್ ಕಾಪಿ ಆಗಲ್ಲ. ಕೀ ಜೊತೆ ಹುಟ್ಟಿದ್ದ ಇಂಡೆಕ್ಸ್ ಹಾಗೇ ಉಳಿಯತ್ತೆ, ಒಳ್ಳೇದೇ, ಮುಟ್ಬೇಡಿ, ಹೊಸ ಕೀಗೆ ಅದೇ ಬೇಕು.

ಈಗ ಪೇರೆಂಟ್:

ಆಲ್ಟರ್ ಟೇಬಲ್ ಸದಸ್ಯ
ಮಾಡಿಫೈ ಐಡಿ ಇಂಟ್ ಅನ್‌ಸೈನ್ಡ್ ನಾಟ್ ನಲ್ ಆಟೋ_ಇಂಕ್ರಿಮೆಂಟ್,
ಮಾಡಿಫೈ ಪರಿಚಯಿಸಿದ_ಐಡಿ ಇಂಟ್ ಅನ್‌ಸೈನ್ಡ್ ನಲ್;

ಈ ಮಾಡಿಫೈ ವಿಷಯದಲ್ಲಿ ಎಚ್ಚರ. ಇದು ಟೈಪ್ ಮಾತ್ರ ಬದಲಾಯಿಸಲ್ಲ, ಕಾಲಂನ ಇಡೀ ವಿವರಣೆನೇ ಹೊಸದಾಗಿ ಬರೆಯತ್ತೆ. ನೀವು ಆಟೋ_ಇಂಕ್ರಿಮೆಂಟ್ ಬರೆಯೋದು ಮರೆತ್ರೆ ಅದು ಹೋಯ್ತು, ನಾಟ್ ನಲ್, ಡಿಫಾಲ್ಟ್, ಕಾಮೆಂಟ್ ಎಲ್ಲ ಹಾಗೇ. ಹಂತ 1ರಲ್ಲಿ ಎತ್ತಿಟ್ಟ ಶೋ ಕ್ರಿಯೇಟ್ ಟೇಬಲ್ ಪಕ್ಕದಲ್ಲಿ ಇಟ್ಕೊಂಡು ಪದ ಪದ ತಾಳೆ ನೋಡಿ ಬರೀರಿ.

ಆಮೇಲೆ ಚೈಲ್ಡ್. ಟೈಪ್ ಬದಲಾವಣೆ, ಕೀ ಹಾಕೋದು ಎರಡನ್ನೂ ಒಂದೇ ಆಲ್ಟರ್‌ನಲ್ಲಿ ಕೊಡಿ, ಬೇರೆ ಬೇರೆ ಕೊಟ್ರೆ ಮೂರು ಕೋಟಿ ರೋ ಎರಡು ಸಲ ಕಾಪಿ ಆಗತ್ತೆ:

ಆಲ್ಟರ್ ಟೇಬಲ್ ಹಾಲು_ಎಂಟ್ರಿ
ಮಾಡಿಫೈ ಸದಸ್ಯ_ಐಡಿ ಇಂಟ್ ಅನ್‌ಸೈನ್ಡ್ ನಾಟ್ ನಲ್,
ಆಡ್ ಕನ್‌ಸ್ಟ್ರೇಂಟ್ ಎಫ್‌ಕೆ_ಹಾಲು_ಸದಸ್ಯ
ಫಾರಿನ್ ಕೀ (ಸದಸ್ಯ_ಐಡಿ) ರೆಫರೆನ್ಸಸ್ ಸದಸ್ಯ (ಐಡಿ)
ಆನ್ ಡಿಲೀಟ್ ರಿಸ್ಟ್ರಿಕ್ಟ್;

ಈ ಸಲ ಕೀಗೆ ನಾವೇ ಹೆಸರು ಕೊಟ್ವಿ. ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಫಾರಿನ್ ಕೀ ಹೆಸರು ಇಡೀ ಡೇಟಾಬೇಸ್‌ನಲ್ಲಿ ಎರಡು ಸಲ ಬರಬಾರದು, ಅದಕ್ಕೆ ಎರಡೂ ಟೇಬಲ್ ಹೆಸರು ಸೇರಿಸಿ ಇಡೋದು. ಸಣ್ಣ ಟೇಬಲ್‌ಗಳನ್ನ ಮೊದಲು ಮಾಡಿ, ದೊಡ್ಡದನ್ನ ಕೊನೆಗೆ, ತಪ್ಪೇನಾದ್ರೂ ಇದ್ರೆ ಸಣ್ಣದರಲ್ಲೇ ಗೊತ್ತಾಗ್ಲಿ. ಕೊನೆಗೆ ಸದಸ್ಯ ಟೇಬಲ್‌ನ ಸ್ವಂತ ಕೀ ಆನ್ ಡಿಲೀಟ್ ಸೆಟ್ ನಲ್ ಜೊತೆ ವಾಪಸ್. ಸೆಟ್ ನಲ್ ಬೇಕಂದ್ರೆ ಕಾಲಂ ನಲ್ ಒಪ್ಪಬೇಕು, ಮೇಲೆ ಮಾಡಿಫೈನಲ್ಲಿ ನಲ್ ಅಂತ ಬರೆದಿದ್ದು ಅದಕ್ಕೇ.

ಎಲ್ಲಾದ್ರೂ ಕೀ ಹಾಕುವಾಗ ಗೊಂದಲದ ಎರರ್ ಬಂದ್ರೆ ಶೋ ಎಂಜಿನ್ ಇನ್ನೋಡಿಬಿ ಸ್ಟೇಟಸ್ ಓಡ್ಸಿ, ಅದರಲ್ಲಿ ಲೇಟೆಸ್ಟ್ ಫಾರಿನ್ ಕೀ ಎರರ್ ಅನ್ನೋ ಭಾಗ ಹುಡುಕಿ. ಬರೀ 150 ಅಂತ ಹೇಳಿ ಸುಮ್ಮನಾಗೋ ಹಳೇ ವರ್ಷನ್‌ಗಳಲ್ಲೂ ಅಲ್ಲಿ ಬಿಡಿಸಿ ಬರೆದಿರತ್ತೆ.

ಹಂತ 6: ಮುಗೀತು ಅನ್ನೋ ಮುಂಚೆ

ಹಂತ 1ರ ಕ್ವೆರಿ ಮತ್ತೆ ಓಡ್ಸಿ, ಐದು ಕೀ ಇದೆಯಾ, ಡಿಲೀಟ್ ರೂಲ್ ಹಳೇ ಪಟ್ಟಿ ಜೊತೆ ಸೇರತ್ತಾ. ಶೋ ಕ್ರಿಯೇಟ್ ಟೇಬಲ್ ಹಳೇದು ಹೊಸದು ಡಿಫ್ ಹಾಕಿ (ವ್ಯತ್ಯಾಸ ನೋಡಿ), ಟೈಪ್ ಮತ್ತೆ ಕೀ ಹೆಸರು ಬಿಟ್ಟು ಬೇರೇನೂ ಬದಲಾಗಿರಬಾರದು. ಆಮೇಲೆ ಬೇಕಂತಲೇ ಒಂದು ಇಲ್ಲದ ಮೆಂಬರ್ ಹೆಸರಲ್ಲಿ ಹಾಲು ಎಂಟ್ರಿ ಮಾಡಿ, 1452 ಬರ್ಬೇಕು. ಬಂದ್ರೆ ಕೀ ಜೀವಂತ ಇದೆ ಅಂತ ಅರ್ಥ. ಮಧ್ಯಾಹ್ನ ಒಂದು ಗಂಟೆಗೆ ಅಪ್ಲಿಕೇಷನ್ ಮೇಲೆತ್ತಿದೆ, ಸೆಕ್ರೆಟ್ರಿ ಬೆಳಿಗ್ಗೆ ವಾಪಸ್ ಕಳ್ಸಿದ್ದ ಹೆಂಗಸಿನ ಹೆಸರು ಸೇರಿಸಿದ್ರು, ಮೆಂಬರ್ ನಂಬರ್ 32768 ಬಂತು.

"ಚೆಕ್ ಆಫ್ ಮಾಡ್ಬಿಡಿ" ಅನ್ನೋ ಸಲಹೆ

ಎಲ್ಲಿ ಕೇಳಿದ್ರೂ ಮೊದಲು ಸಿಗೋ ಉತ್ತರ ಇದು: ಸೆಟ್ ಫಾರಿನ್_ಕೀ_ಚೆಕ್ಸ್ = 0 ಹಾಕಿ, ಕೆಲಸ ಮಾಡಿ, ಮತ್ತೆ 1 ಮಾಡಿ. ನನಗೆ ಈ ಸಲಹೆ ಕಂಡ್ರೆ ಕೋಪ, ಆ 412 ರೋ ಹುಟ್ಟಿದ್ದೇ ಇದರಿಂದ. 1 ಮಾಡಿದ ತಕ್ಷಣ ಮೈಎಸ್‌ಕ್ಯೂಎಲ್ ಹಳೇ ಸಾಲುಗಳನ್ನೆಲ್ಲ ಒಂದ್ಸಲ ನೋಡಿ ಸರಿ ಇದೆಯಾ ಅಂತ ಪರೀಕ್ಷೆ ಮಾಡತ್ತೆ ಅಂತ ತುಂಬಾ ಜನ ಅನ್ಕೊಂಡಿದಾರೆ, ಮಾಡಲ್ಲ. ಆಫ್ ಇದ್ದಾಗ ಏನು ಒಳಗೆ ಬಂತೋ ಅದು ಅಲ್ಲೇ ಇರತ್ತೆ, ಕೀನೂ ಇರತ್ತೆ, ಎರಡೂ ಸುಮ್ಮನೆ ಒಟ್ಟಿಗೆ ಬದುಕ್ತವೆ. ಇಷ್ಟಾಗಿ ಟೈಪ್ ಬೇರೆ ಇರೋ ಕಾಲಂಗಳ ಮಧ್ಯೆ ಹೊಸದಾಗಿ ಕೀ ಹಾಕೋಕೆ 0 ಇದ್ರೂ ಬಿಡಲ್ಲ.

ನ್ಯಾಯವಾಗಿ ಬಳಸೋ ಜಾಗ ಎರಡು. ಒಂದು, ಡಂಪ್ ರಿಸ್ಟೋರ್, ಮೈಎಸ್‌ಕ್ಯೂಎಲ್‌ಡಂಪ್ ಫೈಲ್ ತಾನೇ ಮೇಲ್ಗಡೆ 0 ಮಾಡಿ ಕೆಳಗೆ ವಾಪಸ್ ಹಾಕತ್ತೆ, ಟೇಬಲ್‌ಗಳು ಯಾವ ಕ್ರಮದಲ್ಲಿ ಬರ್ತವೋ ಗೊತ್ತಿಲ್ಲದೆ ಇರೋದ್ರಿಂದ. ಎರಡು, ಬಹಳ ದೊಡ್ಡ ಟೇಬಲ್‌ಗೆ ಬರೀ ಕೀ ಸೇರಿಸೋದು ಮಾತ್ರ ಇದ್ದಾಗ, ಚೆಕ್ ಆಫ್ ಇದ್ರೆ ಇನ್‌ಪ್ಲೇಸ್ (ಕಾಪಿ ಮಾಡದೆ ಇದ್ದಲ್ಲೇ) ಆಗತ್ತೆ, ಆನ್ ಇದ್ರೆ ಪೂರ್ತಿ ಕಾಪಿ. ಆಗಲೂ ಬರೆಯೋದು ನಿಲ್ಸಿ, ಹಂತ 2ರ ಕ್ವೆರಿ ನೀವೇ ಓಡ್ಸಿ ಸೊನ್ನೆ ಬಂದ ಮೇಲೆ ಮಾತ್ರ.

ಸರ್ವರ್ ನಿಲ್ಸೋಕೆ ಆಗೋದೇ ಇಲ್ಲ ಅನ್ನೋರಿಗೆ ಪರ್ಕೋನಾದ ಪಿಟಿ-ಆನ್‌ಲೈನ್-ಸ್ಕೀಮಾ-ಚೇಂಜ್ ಇದೆ, ಫಾರಿನ್ ಕೀ ಏನು ಮಾಡ್ಬೇಕು ಅನ್ನೋದಕ್ಕೆ ಅದರಲ್ಲಿ ಪ್ರತ್ಯೇಕ ಆಪ್ಷನ್ ಕೊಡ್ಬೇಕು, ಅದರ ಡಾಕ್ಯುಮೆಂಟ್ ಎರಡು ಸಲ ಓದಿ. ಗಿಟ್‌ಹಬ್‌ನವರ ಜಿಎಚ್-ಓಎಸ್‌ಟಿ ಫಾರಿನ್ ಕೀ ಇರೋ ಟೇಬಲ್‌ನ ಬೆಂಬಲಿಸಲ್ಲ, ಆ ದಾರಿ ಹುಡುಕ್ಬೇಡಿ.

ಬೇರೆ ಸಣ್ಣ ಪುಟ್ಟ ಆಲ್ಟರ್‌ಗಳು

ಕಾಲಂ ತೆಗೆಯೋಕೆ ಹೋದಾಗ 1828 ಬಂದ್ರೆ ಆ ಕಾಲಂ ಮೇಲೆ ಕೀ ಇದೆ, ಕೀ ಮೊದಲು ತೆಗಿರಿ. ಇಂಡೆಕ್ಸ್ ತೆಗೆಯುವಾಗ 1553 ಬಂದ್ರೆ ಯಾವುದೋ ಕೀ ಆ ಇಂಡೆಕ್ಸ್ ಮೇಲೆ ಕೂತಿದೆ, ಅದೇ ಕಾಲಂನಿಂದ ಶುರುವಾಗೋ ಇನ್ನೊಂದು ಇಂಡೆಕ್ಸ್ ಮೊದಲು ಹಾಕಿ ಆಮೇಲೆ ಹಳೇದು ತೆಗಿಬಹುದು. ಟ್ರಂಕೇಟ್ (ಇಡೀ ಟೇಬಲ್ ಖಾಲಿ) ಮಾಡುವಾಗ 1701 ಬಂದ್ರೆ, ಪೇರೆಂಟ್ ಟೇಬಲ್‌ನ ಟ್ರಂಕೇಟ್ ಮಾಡ್ತಿದೀರಿ, ಒಂದು ನಿಮಿಷ ಕೂತು ಯಾಕೆ ಅಂತ ಯೋಚ್ನೆ ಮಾಡಿ.

ಪೋಸ್ಟ್‌ಗ್ರೆಸ್ ಆದ್ರೆ

ಇಲ್ಲಿ ಬದುಕು ಸ್ವಲ್ಪ ಸಲೀಸು. ಆಲ್ಟರ್ ಟೇಬಲ್ ಟ್ರಾನ್ಸಾಕ್ಷನ್ ಒಳಗೆ ನಡೆಯತ್ತೆ, ಅರ್ಧದಲ್ಲಿ ಬಿದ್ರೆ ರೋಲ್‌ಬ್ಯಾಕ್ ಅಂದ್ರೆ ಎಲ್ಲ ಮೊದಲಿನ ತರ. ಮತ್ತೆ ಕೀ ಹಾಕೋದನ್ನ ಎರಡು ತುಂಡು ಮಾಡ್ಬಹುದು, ಇದು 9.1ರಿಂದ ಇದೆ:

ಆಲ್ಟರ್ ಟೇಬಲ್ ಹಾಲು_ಎಂಟ್ರಿ ಆಡ್ ಕನ್‌ಸ್ಟ್ರೇಂಟ್ ಎಫ್‌ಕೆ_ಹಾಲು_ಸದಸ್ಯ ಫಾರಿನ್ ಕೀ (ಸದಸ್ಯ_ಐಡಿ) ರೆಫರೆನ್ಸಸ್ ಸದಸ್ಯ (ಐಡಿ) ನಾಟ್ ವ್ಯಾಲಿಡ್;

ಆಲ್ಟರ್ ಟೇಬಲ್ ಹಾಲು_ಎಂಟ್ರಿ ವ್ಯಾಲಿಡೇಟ್ ಕನ್‌ಸ್ಟ್ರೇಂಟ್ ಎಫ್‌ಕೆ_ಹಾಲು_ಸದಸ್ಯ;

ಮೊದಲನೇದು ಹಳೇ ರೋ ನೋಡಲ್ಲ, ಹೊಸದಾಗಿ ಬರೋದನ್ನ ಮಾತ್ರ ಕಾಯತ್ತೆ, ಹಾಗಾಗಿ ಲಾಕ್ ಸಿಕ್ಕ ಮೇಲೆ ಕ್ಷಣದಲ್ಲಿ ಮುಗಿಯತ್ತೆ. ಎರಡನೇದು ಹಳೇದನ್ನೆಲ್ಲ ಓದಿ ಪರೀಕ್ಷೆ ಮಾಡತ್ತೆ, ಎಷ್ಟು ಹೊತ್ತಾದ್ರೂ ಆ ಸಮಯದಲ್ಲಿ ಜನ ಎಂಟ್ರಿ ಮಾಡ್ತಾನೇ ಇರ್ಬಹುದು. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹಾಕ್ಬೇಡಿ, ಮೊದಲನೇದರ ದೊಡ್ಡ ಲಾಕ್ ಕೊನೇವರೆಗೂ ಹಿಡ್ಕೊಂಡು ಕೂತ್ಕೊಳತ್ತೆ, ಲಾಭ ಪೂರ್ತಿ ಹೋಯ್ತು. ಲಾಕ್_ಟೈಮ್‌ಔಟ್ ಇಲ್ಲೂ ಹಾಕಿ.

ಎರಡು ಅಪಾಯ. ಪೋಸ್ಟ್‌ಗ್ರೆಸ್ ಚೈಲ್ಡ್ ಕಾಲಂಗೆ ಇಂಡೆಕ್ಸ್ ತಾನಾಗಿ ಹಾಕಲ್ಲ, ನೀವೇ ಹಾಕ್ಬೇಕು, ಇಲ್ಲಾಂದ್ರೆ ಒಂದು ಮೆಂಬರ್ ಅಳಿಸೋಕೆ ಮೂರು ಕೋಟಿ ರೋ ಹುಡುಕತ್ತೆ. ಇನ್ನೊಂದು ಕ್ಯಾಸ್ಕೇಡ್ ಅನ್ನೋ ಪದ: ಡ್ರಾಪ್ ಟೇಬಲ್ ಸದಸ್ಯ ಕ್ಯಾಸ್ಕೇಡ್ ಅಂದ್ರೆ ಚೈಲ್ಡ್‌ನ ಕೀ ಮಾತ್ರ ಹೋಗತ್ತೆ, ರೋ ಉಳಿಯತ್ತೆ, ಆದ್ರೆ ಟ್ರಂಕೇಟ್ ಸದಸ್ಯ ಕ್ಯಾಸ್ಕೇಡ್ ಅಂದ್ರೆ ಹಾಲು_ಎಂಟ್ರಿ, ಬಟವಾಡೆ ಎಲ್ಲ ಖಾಲಿ. ಪದ ಒಂದೇ, ಕೆಲಸ ಬೇರೆ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ನೋಚೆಕ್ ಹಾಕಿ ಆಫ್ ಮಾಡಿದ ಕೀನ ವಾಪಸ್ ಆನ್ ಮಾಡುವಾಗ "ವಿತ್ ಚೆಕ್ ಚೆಕ್ ಕನ್‌ಸ್ಟ್ರೇಂಟ್" ಅಂತ ಚೆಕ್ ಎರಡು ಸಲ ಬರೀಬೇಕು. ಟೈಪೋ ಅಲ್ಲ, ಹಾಗೇ ಇರೋದು. ಒಂದೇ ಸಲ ಬರೆದ್ರೆ ಹಳೇ ರೋ ಪರೀಕ್ಷೆ ಆಗಲ್ಲ, ಕೀ "ನಾಟ್ ಟ್ರಸ್ಟೆಡ್" ಆಗೇ ಉಳಿಯತ್ತೆ, ಎಸ್‌ವೈಎಸ್.ಫಾರಿನ್_ಕೀಸ್‌ನಲ್ಲಿ ಈಸ್_ನಾಟ್_ಟ್ರಸ್ಟೆಡ್ ಕಾಲಂ 1 ಇರೋದನ್ನ ಹುಡುಕಿದ್ರೆ ನಿಮ್ಮ ಆಫೀಸ್‌ನಲ್ಲೂ ಒಂದೆರಡು ಸಿಗ್ಬಹುದು.

ಎಸ್‌ಕ್ಯೂಲೈಟ್‌ನಲ್ಲಿ ಈಗಾಗಲೇ ಇರೋ ಕಾಲಂಗೆ ಫಾರಿನ್ ಕೀ ಸೇರಿಸೋ ಆಲ್ಟರ್ ಇಲ್ಲ. ಹೊಸ ಟೇಬಲ್ ಮಾಡಿ, ಡೇಟಾ ಸುರಿದು, ಹಳೇದು ಡ್ರಾಪ್ ಮಾಡಿ, ಹೆಸರು ಬದಲಾಯಿಸೋದು, ಅಷ್ಟೇ ದಾರಿ. ಫಾರಿನ್_ಕೀಸ್ ಪ್ರಾಗ್ಮಾ (ಎಸ್‌ಕ್ಯೂಲೈಟ್‌ನ ಸೆಟ್ಟಿಂಗ್ ಕಮ್ಯಾಂಡ್) ಟ್ರಾನ್ಸಾಕ್ಷನ್ ಒಳಗೆ ಬದಲಾಯಿಸಿದ್ರೆ ಏನೂ ಆಗಲ್ಲ, ಹಾಗಾಗಿ ಶುರು ಮಾಡೋ ಮುಂಚೆನೇ ಆಫ್ ಮಾಡಿ, ಕಮಿಟ್ ಮಾಡೋ ಮುಂಚೆ ಪ್ರಾಗ್ಮಾ ಫಾರಿನ್_ಕೀ_ಚೆಕ್ ಓಡ್ಸಿ, ಅನಾಥ ರೋ ಇದ್ರೆ ಟೇಬಲ್ ಹೆಸರಿನ ಸಮೇತ ಪಟ್ಟಿ ಕೊಡತ್ತೆ. ಮೈಎಸ್‌ಕ್ಯೂಎಲ್‌ನಲ್ಲಿ ನಾವು ಲೆಫ್ಟ್ ಜಾಯಿನ್ ಬರ್ಕೊಂಡು ಒದ್ದಾಡಿದ್ದನ್ನ ಈ ಪುಟಾಣಿ ಡೇಟಾಬೇಸ್ ಒಂದೇ ಲೈನಲ್ಲಿ ಹೇಳತ್ತೆ.